ಎಡಗಡೆ ಸೀಟಿನ ಬ್ರೇಕು

ಬೇಳ, ಕಾಸರಗೋಡು
24 ಜುಲೈ 2005

ಪ್ರೀತಿಯ ರೆಶ್ಮಾ,

ನಿನ್ನ ಕಾಗದ ಸಿಕ್ಕಿತು. ಕಾಗದವೇ ಬರೆಯೋಣ ಎಂದು ನೀನು ಹೇಳಿದ್ದು ಒಳ್ಳೆಯದಾಯಿತು. ಫೋನಿನಲ್ಲಿ ಊಟ ಆಯಿತಾ, ಮಳೆ ಉಂಟಾ ಎಂದು ಕೇಳುವಷ್ಟರಲ್ಲಿ ನಿನ್ನ ಹಿಂದೆ ನಿಂತ ಹುಡುಗಿಯರು ಗಲಾಟೆ ಶುರುಮಾಡುತ್ತಾರೆ, ಇಲ್ಲಿ ನಿನ್ನ ಮಮ್ಮಿ ರಿಸೀವರಿಗೆ ಕೈಹಾಕುತ್ತಾಳೆ. ಬಾಯಲ್ಲಿ ಕೊಂಕಣಿ, ಕಾಗದದಲ್ಲಿ ಕನ್ನಡ, ನಮ್ಮ ಮನೆಯ ಕ್ರಮ ಮೊದಲಿನಿಂದಲೂ ಹೀಗೆಯೇ. ತಪ್ಪಿದ್ದರೆ ಕೆಂಪು ಶಾಯಿಯಲ್ಲಿ ತಿದ್ದಿ ಕಳಿಸಬೇಡ. ನಾನು ಡ್ರೈವಿಂಗ್ ಮಾಸ್ಟರ್, ಕನ್ನಡ ಮಾಸ್ಟರ್ ಅಲ್ಲ.

ಹೋಗಿ ಇಷ್ಟು ದಿನವಾದರೂ ವಿಮಾನ ಮುಟ್ಟಲು ಬಿಟ್ಟಿಲ್ಲ, ಕ್ಲಾಸಿನಲ್ಲೇ ಕೂರಿಸಿದ್ದಾರೆ ಎಂದು ಗೊಣಗಿದ್ದೀಯಲ್ಲ, ನಿನಗೆ ಹಾರಿಸಲು ಕಲಿಸುವ ಆ ಕ್ಯಾಪ್ಟನ್ ಪ್ರೇಮನಾಥ ಸರಿಯಾದ ಮನುಷ್ಯ ಎಂದು ನನಗೆ ಅಲ್ಲಿಗೇ ಗೊತ್ತಾಯಿತು. ನಾನು ಸಹ ಹೊಸಬರಿಗೆ ಮೊದಲ ದಿನ ಕೀ ಕೊಡುವುದಿಲ್ಲ.

ಇಲ್ಲಿ ನಾನು ಡ್ರೈವಿಂಗ್ ಕಲಿಸುವ ಪಾರೆಯ ಮೇಲೆ ಹುಲ್ಲು ಬಂದಿದೆ. ಕಂಡವರು ಮೆತ್ತನೆಯ ಹುಲ್ಲುಗಾವಲು ಎಂದುಕೊಳ್ಳಬೇಕು. ಬೇಸಿಗೆಯಲ್ಲಿ ಬಂದು ನೋಡಿದರೆ ಎಲ್ಲ ಕರೀ ಮುರಕಲ್ಲು, ಲಾರಿ ಹತ್ತಿಸಿದರೂ ಚಕ್ರ ಇಳಿಯದ ನೆಲ. ಮೊನ್ನೆಯ ಗಾಳಿಗೆ ನಮ್ಮ ಕಂಬಗಳೆಲ್ಲ ಮಗುಚಿ ಬಿದ್ದಿದ್ದವು, ಅವುಗಳ ಅಡಿಯ ಡಬ್ಬಿಗೆ ಪುನಃ ಕಾಂಕ್ರೀಟ್ ಹಾಕಿ ನಿಲ್ಲಿಸಿದೆ. ಅಂಗನವಾಡಿಯ ಲೋಲಾಕ್ಷಿ ಟೀಚರ್ ಲೈಸನ್ಸ್ ಟೆಸ್ಟಿನಲ್ಲಿ ಪುನಃ ಫೇಲ್. ಆ ಕಂಬಗಳ ನಡುವೆ ಕಾರನ್ನು ಹಿಂದೆ ಮುಂದೆ ಮಾಡಿ ಎಚ್ ಹಾಕುವುದೊಂದು ಅವರಿಗೆ ಹತ್ತುವುದಿಲ್ಲ. ಎಂಜಿನ್ ಆಫ್ ಆಯಿತೋ, ಸ್ಟಿಯರಿಂಗ್ ಬಿಟ್ಟು ನನ್ನ ಮುಖ ನೋಡುತ್ತಾರೆ. ನಾನು ಎಡಗಡೆ ಸೀಟಿನಲ್ಲಿ ಮಾಸ್ಟರಿಗೆಂದೇ ಇಟ್ಟ ಬ್ರೇಕ್ ಒತ್ತುತ್ತೇನೆ, "ಹೆದರಬೇಡಿ, ನಾನಿದ್ದೇನಲ್ಲ" ಎನ್ನುತ್ತೇನೆ. ನಿನಗೂ ಹಾಗೆಯೇ ಕಲಿಸಿದ್ದು. ನೀನು ಕಲಿತು ಮುಗಿಸುವಾಗ ಗಾಡಿಗೆ ಒಂದು ಗೀರು ಸಹ ಬಿದ್ದಿರಲಿಲ್ಲ. ಅದನ್ನು ಹೇಳಿಕೊಳ್ಳಲು ನನಗೇನೂ ನಾಚಿಕೆ ಇಲ್ಲ.

ಮಳೆಯಲ್ಲಿ ನೆನೆಯಬೇಡ.

ನಿನ್ನ ಪಪ್ಪ
ಆಂಬ್ರೋಸ್ ಮೊಂತೇರೊ

•

ಫ್ಲೈಯಿಂಗ್ ಕ್ಲಬ್ ಹಾಸ್ಟೆಲ್, ಮಧ್ಯಪ್ರದೇಶ
28 ಆಗಸ್ಟ್ 2005

ಪಪ್ಪಾ,

ಈ ಕಾಗದವನ್ನು ಮಮ್ಮಿಗೆ ಓದಿ ಹೇಳಬೇಡಿ.

ಹಾರಲು ಶುರುಮಾಡಿದ್ದೇನೆ. ಏರುವುದು, ತಿರುಗುವುದು, ಇಳಿಸುವುದು ಎಲ್ಲ ಬರುತ್ತದೆ. ನೀವು ಹೇಳಿಕೊಟ್ಟ ಹಾಗೆ ಕೈ ಸಡಿಲ ಇಟ್ಟುಕೊಳ್ಳುತ್ತೇನೆ, ಕ್ಯಾಪ್ಟನ್ ಅದನ್ನು ಮೆಚ್ಚಿದರು ಸಹ. ತೊಂದರೆ ಇರುವುದು ಒಂದೇ ಪಾಠದಲ್ಲಿ.

ಮೇಲೆ ಆರಾಮವಾಗಿ ಹೋಗುತ್ತಿರುವಾಗ ಅವರು ನಿಮ್ಮ ಆಕ್ಸಿಲರೇಟರಿನ ಹಾಗಿರುವ ಥ್ರಾಟಲನ್ನು ಪೂರ್ತಿ ಹಿಂದಕ್ಕೆಳೆದು "ಎಂಜಿನ್ ಹೋಯಿತು" ಎನ್ನುತ್ತಾರೆ, ಮತ್ತೆ ಕೈಕಟ್ಟಿ ಕೂರುತ್ತಾರೆ. ಎಂಜಿನ್ ನಿಜವಾಗಿ ನಿಂತಿರುವುದಿಲ್ಲ, ಗುರುಗುಟ್ಟುತ್ತಾ ಇರುತ್ತದೆ, ಆದರೆ ವಿಮಾನವನ್ನು ಎಳೆಯುವ ಶಕ್ತಿ ಅದಕ್ಕಿರುವುದಿಲ್ಲ. ಆಗ ಮೊದಲು ವಿಮಾನದ ಮೂಗು ತಗ್ಗಿಸಬೇಕು. ಕೈ ಮೇಲಕ್ಕೆಳೆಯಲು ಹೋಗುತ್ತದೆ, ಎಳೆದರೆ ವೇಗ ಸತ್ತು ವಿಮಾನ ಬೀಳುತ್ತದೆ. ತಗ್ಗಿಸಿದರೆ ಗಾಳಿಯಲ್ಲಿ ಜಾರುತ್ತಾ ತುಂಬ ದೂರ ಹೋಗುತ್ತದೆ, ನೀವು ಹೆದರುವ ಹಾಗೆ ಕಲ್ಲಿನಂತೆ ಬೀಳುವುದಿಲ್ಲ. ಆಮೇಲೆ ಇಳಿಯಲು ಒಂದು ನೆಲ ಆರಿಸಬೇಕು. ಆಮೇಲೆ ಎಂಜಿನ್ ಯಾಕೆ ನಿಂತಿತು ಎಂದು ಹುಡುಕಬೇಕು, ರೇಡಿಯೋದಲ್ಲಿ ಹೇಳಬೇಕು. ಎಲ್ಲ ಬಾಯಿಪಾಠ ಉಂಟು ಪಪ್ಪಾ. ಹಾಸ್ಟೆಲಿನಲ್ಲಿ ಉಳಿದ ಹುಡುಗಿಯರಿಗೆ ಹೇಳಿಕೊಡುವುದು ನಾನೇ.

ಮೇಲೆ ಹೋದರೆ ಮಾತ್ರ ಕೈ ಮರಗಟ್ಟುತ್ತದೆ. ಇಲ್ಲಿ ಎಡಗಡೆ ಕೂರುವುದು ನಾನು, ಕಲಿಸುವವರು ಬಲಗಡೆ. ಅವರು ಎಂಜಿನ್ ಹೋಯಿತು ಎಂದ ಕೂಡಲೇ ನನ್ನ ಕಣ್ಣು ಅವರ ಕಾಲಿನ ಹತ್ತಿರ ಹೋಗುತ್ತದೆ. ಕೊನೆಗೆ ಅವರೇ ಎಲ್ಲ ಸರಿಮಾಡುತ್ತಾರೆ. ನನ್ನ ಕಾಲಿನ ಹತ್ತಿರ ಎಂತದು ಹುಡುಕುತ್ತೀ ಎಂದು ಒಮ್ಮೆ ಕೇಳಿದರು. ಭಾನುವಾರ ಬಟ್ಟೆ ಒಗೆಯುತ್ತಿರುವಾಗ ಹೊಳೆಯಿತು. ನಾನು ಹುಡುಕುತ್ತಿದ್ದದ್ದು ಬ್ರೇಕು. ನಿಮ್ಮ ಬ್ರೇಕು.

ನನ್ನ ಜೊತೆ ಸೇರಿದವರೆಲ್ಲ ಪಕ್ಕದಲ್ಲಿ ಕಲಿಸುವವರಿಲ್ಲದೆ ಒಬ್ಬೊಬ್ಬರೇ ಹಾರಿಸಿ ಬಂದರು. ಕ್ರಿಸ್ಮಸ್ ರಜೆಯೊಳಗೆ ಇದು ಸರಿಯಾಗದಿದ್ದರೆ ಈ ಕೆಲಸ ನಿನ್ನದಲ್ಲ ಎಂದು ಹೇಳಿ ಮನೆಗೆ ಕಳಿಸುತ್ತೇನೆ ಎಂದಿದ್ದಾರೆ ಕ್ಯಾಪ್ಟನ್. ಸಿಟ್ಟಿನಲ್ಲಿ ಹೇಳಿದ್ದಲ್ಲ, ಅದಕ್ಕೇ ನನಗೆ ಹೆದರಿಕೆ.

ರೆಶ್ಮಾ

•

ಬೇಳ
12 ಸೆಪ್ಟೆಂಬರ್ 2005

ಪ್ರೀತಿಯ ರೆಶ್ಮಾ,

ಮೊದಲು ಲಕೋಟೆಯನ್ನು ಜಾಗ್ರತೆಯಿಂದ ಕೊಡವು. ಮೂಲೆಯಲ್ಲಿ ಭತ್ತದ ಕಾಳು ಉಂಟು. ಮೊಂತಿ ಹಬ್ಬದ ದಿನ ಇಗರ್ಜಿಯಲ್ಲಿ ಆಶೀರ್ವಾದ ಮಾಡಿಸಿದ ಹೊಸ ತೆನೆಯದ್ದು. ದೂರ ಇರುವವರಿಗೆ ಟಪಾಲಿನಲ್ಲಿ ಕಳಿಸುವ ಕ್ರಮ ನಿನಗೆ ಗೊತ್ತಲ್ಲ. ಸಿಪ್ಪೆ ತೆಗೆದು ಹಾಲಿಗೆ ಹಾಕಿ ಕುಡಿ. ಹಬ್ಬದೂಟದ ಎಲೆಯ ಮುಂದೆ ಕುಳಿತು ಮಮ್ಮಿ ನಿನ್ನ ಹೆಸರು ಹೇಳಿದಳು, ಆಮೇಲೆ ಪಲ್ಯಕ್ಕೆ ಉಪ್ಪು ಕಡಿಮೆಯಾಯಿತು ಎಂದು ಏನೇನೋ ಮಾತಾಡಿದಳು.

ನನ್ನ ಬ್ರೇಕು ನಿನಗೆ ಅಷ್ಟು ದೂರದಲ್ಲಿಯೂ ನೆನಪಾಯಿತು ಎಂದು ಓದಿ ನನಗೆ ಸಂತೋಷವೇ ಆಯಿತು ಮಾರಾಯ್ತಿ. ಒಳ್ಳೆಯ ಮಾಸ್ಟರ ಕಾಲು ಅಂದರೆ ಹಾಗೆ. ಆದರೆ ನಿನ್ನ ಕ್ಯಾಪ್ಟನ್ ಕಲಿಸುವ ರೀತಿ ನನಗೆ ಸರಿ ಕಾಣುವುದಿಲ್ಲ. ಹೇಳದೆ ಕೇಳದೆ ಎಂಜಿನ್ ತೆಗೆಯುವುದು ಎಂದರೆ ಎಂತದು? ಹೆದರಿಸಿ ಕಲಿಸಿದ್ದು ನಿಲ್ಲುವುದಿಲ್ಲ. ನೀನು ಬೆಳಿಗ್ಗೆ ಸರಿಯಾಗಿ ತಿಂಡಿ ತಿನ್ನು. ಸೀಟನ್ನು ಸ್ವಲ್ಪ ಮುಂದಕ್ಕೆ ಹಾಕಿಕೋ, ನಿನ್ನ ಕಾಲು ಗಿಡ್ಡ. ಜಪಮಾಲೆ ಜೇಬಿನಲ್ಲಿರಲಿ. ಕ್ರಿಸ್ಮಸ್ಸಿನ ಚಿಂತೆ ಬಿಡು, ಆ ವಿಷಯ ನಾನು ನೋಡಿಕೊಳ್ಳುತ್ತೇನೆ.

ನಾನಿದ್ದೇನಲ್ಲ.

ನಿನ್ನ ಪಪ್ಪ

•

ಹಾಸ್ಟೆಲ್
6 ಅಕ್ಟೋಬರ್ 2005

ಪಪ್ಪಾ,

ಮೊದಲು ಒಳ್ಳೆಯದನ್ನು ಬರೆಯುತ್ತೇನೆ. ಇಲ್ಲದಿದ್ದರೆ ಆಮೇಲೆ ಬರೆಯುವ ಮನಸ್ಸಿರುವುದಿಲ್ಲ.

ಕಳೆದ ವಾರ ಅವರು ಥ್ರಾಟಲ್ ಎಳೆದಾಗ ನಾನು ಅವರ ಕಾಲು ನೋಡಲಿಲ್ಲ. ಮೂಗು ತಗ್ಗಿಸಿದೆ, ನಾನೇ ನೆಲ ಆರಿಸಿದೆ. ಎಡಗಡೆ ಕಪ್ಪಗೆ, ಚಪ್ಪಟೆಯಾಗಿ, ಮರಗಿಡ ಇಲ್ಲದ ದೊಡ್ಡ ಬಯಲು. ಅದಕ್ಕೇ ಹಿಡಿದು ಬಂದೆ. ಸಾಕಷ್ಟು ಕೆಳಗೆ ಬಂದ ಮೇಲೆ ಅವರು ಎಂಜಿನ್ ಕೊಟ್ಟು ಮೇಲಕ್ಕೇರಿಸಿದರು. ಅದನ್ನೇ ಯಾಕೆ ಆರಿಸಿದೆ ಎಂದು ಕೇಳಿದರು. ಕಪ್ಪು ನೆಲ ಗಟ್ಟಿ ಸರ್ ಎಂದೆ, ನಮ್ಮ ಪಾರೆಯ ಹಾಗೆ ಎಂದೆ. ರಜೆಯ ದಿನ ಅವರು ಜೀಪಿನಲ್ಲಿ ಅದೇ ಬಯಲಿಗೆ ಕರೆದುಕೊಂಡು ಹೋಗಿ ನಡಿ ಎಂದರು. ನಡೆದೆ. ಕಾಲು ಮೊಣಕಾಲಿನವರೆಗೆ ಹೂತಿತು ಪಪ್ಪಾ! ಒಂದು ಚಪ್ಪಲಿ ಈಗಲೂ ಅಲ್ಲೇ ಉಂಟು. ಈ ಊರಿನಲ್ಲಿ ಕಪ್ಪು ಎಂದರೆ ಹತ್ತಿ ಬೆಳೆಯುವ ಎರೆಮಣ್ಣು, ಮಳೆ ಬಿದ್ದರೆ ಪಾಯಸ. ಅಲ್ಲಿ ಇಳಿಸಿದ್ದರೆ ಚಕ್ರ ಹೂತು ವಿಮಾನ ಮಗುಚುತ್ತಿತ್ತು. ಕ್ಯಾಪ್ಟನ್ ಹೊಟ್ಟೆ ಹಿಡಿದುಕೊಂಡು ನಕ್ಕರು. ಈ ತಪ್ಪಾದರೂ ನಿನ್ನದೇ ಆಯಿತಲ್ಲ, ಒಳ್ಳೆಯದಾಯಿತು ಎಂದರು. ಕೆಸರುಕಾಲಿನಲ್ಲೇ ಪೇಟೆಗೆ ಹೋಗಿ ಹುಡುಗಿಯರಿಗೆಲ್ಲ ಜಿಲೇಬಿ ಕೊಡಿಸಿದೆ.

ಅದರ ಮರುದಿನ ನಿಮ್ಮ ಫೋನು.

ನೀವು ಆಫೀಸಿಗೆ ಫೋನ್ ಮಾಡಿ ಒಬ್ಬ ಮಾಸ್ಟರ್ ಇನ್ನೊಬ್ಬ ಮಾಸ್ಟರಿಗೆ ಹೇಳುತ್ತಿದ್ದೇನೆ ಎಂದಿರಂತೆ. ಎಂಜಿನ್ ನಿಲ್ಲಿಸುವ ಮೊದಲು ನನ್ನ ಮಗಳಿಗೆ ಒಂದು ಮಾತು ಹೇಳಿ, ಆಮೇಲೆ ನಿಲ್ಲಿಸಿ ಎಂದಿರಂತೆ. ಕ್ಯಾಪ್ಟನ್ ಅದನ್ನು ಎಲ್ಲರ ಎದುರಿಗೇ ನನ್ನ ಹತ್ತಿರ ಹೇಳಿದರು. "ನಾನು ಹೇಳಬಹುದು ರೆಶ್ಮಾ. ಎಂಜಿನಿಗೆ ಯಾರು ಹೇಳುವುದು?" ಎಂದರು. ಹುಡುಗರು ನಕ್ಕರು. ನನಗೆ ಭೂಮಿಯೊಳಗೆ ಹೋಗುವ ಹಾಗಾಯಿತು.

ನಕ್ಕದ್ದು ಹೋಗಲಿ. ಅದಾದ ಮೇಲೆ ಮೇಲಕ್ಕೆ ಹೋದಾಗ ಪುನಃ ಅವರ ಕಾಲನ್ನೇ ನೋಡಿದೆ. ಪುನಃ ಪುನಃ. ಎಲ್ಲ ಮೊದಲಿನ ಹಾಗೇ ಆಗಿದೆ.

ಪಪ್ಪಾ, ನಿಮ್ಮ ಕಾಲು ತೆಗೆಯಿರಿ. ಪಾರೆಯಲ್ಲಿ ನಾನು ಬ್ರೇಕ್ ಒತ್ತುವ ಮೊದಲೇ ನೀವು ಒತ್ತುತ್ತಿದ್ದಿರಿ. ಗಾಡಿಗೆ ಗೀರು ಬಿದ್ದಿಲ್ಲ, ನಿಜ. ಆ ಗಾಡಿಯನ್ನು ನಾನು ಒಂದು ದಿನವಾದರೂ ನಿಲ್ಲಿಸಿದ್ದುಂಟಾ?

ನಾನಾಗಿ ಬರೆಯುವವರೆಗೆ ನೀವು ಬರೆಯಬೇಡಿ.

ರೆಶ್ಮಾ

•

ಬೇಳ
25 ಅಕ್ಟೋಬರ್ 2005

ರೆಶ್ಮಾ,

ನಾನು ಮಮ್ಮಿ. ಬರೆಯಬೇಡಿ ಎಂದು ನೀನು ಹೇಳಿದ್ದು ಪಪ್ಪನಿಗೆ, ನನಗಲ್ಲ. ಓದಿ ಹೇಳಬೇಡಿ ಎಂದು ಬರೆದ ಕಾಗದವನ್ನೂ ನಾನು ಓದಿದ್ದೇನೆ. ನನಗೇನು ಕಣ್ಣಿಲ್ಲವಾ.

ಪಪ್ಪ ಈಗ ಮನೆಯಲ್ಲಿ ಮಾತು ಕಡಿಮೆ. ಪಾರೆಗೆ ಹೋಗುತ್ತಾರೆ, ಬರುತ್ತಾರೆ, ಉಣ್ಣುತ್ತಾರೆ. ಮೊನ್ನೆ ಊಟದ ಮಧ್ಯದಲ್ಲಿ ಕೈ ನಿಲ್ಲಿಸಿ, ಮಗು ಗಾಡಿ ನಿಲ್ಲಿಸಿದ್ದು ನಿನಗೆ ನೆನಪುಂಟಾ ಎಂದು ಕೇಳಿದರು. ನಾನು ಇನ್ನೊಂದು ಬಂಗುಡೆ ಮೀನು ಬಡಿಸಿದೆ.

ನನಗೆ ಹೆದರಿಕೆ ಉಂಟು. ಇಲ್ಲ ಎಂದು ಸುಳ್ಳು ಹೇಳುವುದಿಲ್ಲ. ಮೇಲೆ ವಿಮಾನದ ಶಬ್ದ ಕೇಳಿದರೆ ಒಲೆಯ ಮೇಲಿಟ್ಟದ್ದನ್ನು ಬಿಟ್ಟು ಅಂಗಳಕ್ಕೆ ಓಡುತ್ತೇನೆ. ಆ ಹೆದರಿಕೆ ನನ್ನ ಹತ್ತಿರವೇ ಇರಲಿ, ನಾನು ಇಟ್ಟುಕೊಳ್ಳುತ್ತೇನೆ. ನೀನು ಹಾರು.

ಪಪ್ಪನಿಗೆ ಒಂದು ಗೆರೆ ಬರೆ. ಸಿಟ್ಟಿದ್ದರೆ ಸಿಟ್ಟಿನಲ್ಲೇ ಬರೆ.

ಮಮ್ಮಿ
ಮಗ್ದಲಿನ್

•

ಹಾಸ್ಟೆಲ್
10 ನವೆಂಬರ್ 2005

ಪಪ್ಪಾ,

ಬರೆಯಿರಿ. ನನ್ನ ಕಥೆ ಇನ್ನೂ ಅಲ್ಲೇ ನಿಂತಿದೆ. ಪೆಟ್ಟಿಗೆಯನ್ನು ಮಂಚದ ಅಡಿಯಿಂದ ತೆಗೆದು ಒಮ್ಮೆ ಒರೆಸಿಟ್ಟೆ, ಯಾವುದಕ್ಕೂ ಇರಲಿ ಎಂದು. ಭತ್ತದ ಕಾಳು ಹಾಲಿಗೆ ಹಾಕಲಿಲ್ಲ, ಯೂನಿಫಾರ್ಮಿನ ಜೇಬಿನಲ್ಲಿಟ್ಟುಕೊಂಡಿದ್ದೇನೆ. ಬುದ್ಧಿಮಾತು ಬೇಡ. ಊರಿನ ಸುದ್ದಿ ಬರೆಯಿರಿ.

ರೆಶ್ಮಾ

•

ಬೇಳ
22 ನವೆಂಬರ್ 2005

ಪ್ರೀತಿಯ ರೆಶ್ಮಾ,

ಊರಿನ ಸುದ್ದಿ ಕೇಳಿದ್ದೀ, ಅದನ್ನೇ ಬರೆಯುತ್ತೇನೆ.

ಕಳೆದ ವಾರ ಲೋಲಾಕ್ಷಿ ಟೀಚರನ್ನು ಪಾರೆ ಬಿಟ್ಟು ನೀರ್ಚಾಲಿನ ಕಡೆಯ ಏರಿಗೆ ಕರೆದುಕೊಂಡು ಹೋದೆ. ಅರ್ಧ ಏರಿನಲ್ಲಿ ಎಂಜಿನ್ ಆಫ್. ಅದು ಯಾವಾಗಲೂ ಆಗುವುದೇ. ಕನ್ನಡಿಯಲ್ಲಿ ನೋಡಿದೆ, ಹಿಂದೆ ಒಂದು ಸೈಕಲ್ ಸಹ ಇರಲಿಲ್ಲ. ಗಾಡಿ ಮೆಲ್ಲ ಹಿಂದಕ್ಕೆ ಜಾರಲು ಶುರುವಾಯಿತು. ಟೀಚರ್ ಸ್ಟಿಯರಿಂಗ್ ಬಿಟ್ಟು ನನ್ನ ಕಡೆ ತಿರುಗಿದರು. ನನ್ನ ಕಾಲು ಆಗಲೇ ಬ್ರೇಕಿನ ಮೇಲಿತ್ತು. ಅದಕ್ಕೆ ನನ್ನ ಅಪ್ಪಣೆಯೇನೂ ಬೇಡ. ಹಾಗಾಗಿ ನಾನು ಎರಡು ಕಾಲನ್ನೂ ಎತ್ತಿ ಸೀಟಿನ ಮೇಲೆ ಮಡಚಿಕೊಂಡು, ಹಬ್ಬದೂಟಕ್ಕೆ ಕೂರುವ ಹಾಗೆ ಚಕ್ಕಲಮುಕ್ಕಲ ಹಾಕಿ ಕೂತೆ.

ಟೀಚರ್ ಕೆಳಗೆ ನೋಡಿದರು. ಕಾಲಿಲ್ಲ. ನನ್ನ ಮುಖ ನೋಡಿದರು. ಪುನಃ ಕೆಳಗೆ ನೋಡಿದರು. ಆ ಹೊತ್ತು ನನಗೆ ಈಸ್ಟರ್ ರಾತ್ರಿಯ ಪಾಸ್ಖ ಪೂಜೆಯಷ್ಟು ಉದ್ದವಾಯಿತು. ಆಮೇಲೆ ಅವರು ಬ್ರೇಕ್ ಒತ್ತಿದರು, ಹ್ಯಾಂಡ್‌ಬ್ರೇಕ್ ಎಳೆದರು, ಸ್ಟಾರ್ಟ್ ಮಾಡಿದರು, ಕ್ಲಚ್ಚು ಮೆಲ್ಲ ಬಿಟ್ಟು ಏರಿನ ತುದಿಗೆ ಹೋಗಿ ಬದಿಗೆ ನಿಲ್ಲಿಸಿದರು. ಎಲ್ಲ ಅವರೇ. ನಿಲ್ಲಿಸಿದ ಮೇಲೆ ಕೇಳಿದರು, "ಎಂತ ಮಾಸ್ಟ್ರೇ, ನನ್ನನ್ನು ಕೊಲ್ಲಲಿಕ್ಕೆ ಹೊರಟದ್ದಾ ನೀವು?" ಆಮೇಲೆ ನಕ್ಕರು. ಎಷ್ಟು ನಕ್ಕರೆಂದರೆ ಕಣ್ಣೊರೆಸಿಕೊಂಡರು. ನನಗೆ ಕಾಲು ಬಿಡಿಸಲು ಆಗಲಿಲ್ಲ, ಜೋಮು ಹಿಡಿದಿತ್ತು.

ಗುರುವಾರ ಅವರು ಎಚ್ ಹಾಕಿ ಪಾಸಾದರು. ಒಂದು ಕಂಬಕ್ಕೂ ತಾಗಲಿಲ್ಲ. ನಮ್ಮ ಗಾಡಿಯ ಹಿಂದಿನ ಬಂಪರಿಗೆ ಮಾತ್ರ ಈಗ ಒಂದು ಗೀರು ಉಂಟು, ಅದು ಹಿಂದಿನ ದಿನ ಅಭ್ಯಾಸದಲ್ಲಿ ಆದದ್ದು. ಇರಲಿ ಎಂದು ಬಿಟ್ಟಿದ್ದೇನೆ.

ಕ್ಯಾಪ್ಟನಿಗೆ ಫೋನ್ ಮಾಡಿಲ್ಲ. ಮಾಡುವುದೂ ಇಲ್ಲ. ಕೈ ತುರಿಸುತ್ತದೆ, ಅದು ಬೇರೆ ವಿಷಯ.

ನಿನ್ನ ಪಪ್ಪ

•

ಹಾಸ್ಟೆಲ್
14 ಡಿಸೆಂಬರ್ 2005

ಪಪ್ಪಾ, ಮಮ್ಮೀ,

ಆಯಿತು. ಒಬ್ಬಳೇ ಹಾರಿಸಿದೆ.

ನಿಮ್ಮ ಕಾಗದ ಓದಿದ ಮೇಲೆ ಮೇಲಕ್ಕೆ ಹೋದಾಗ ಕ್ಯಾಪ್ಟನ್ ಎಂಜಿನ್ ಹೋಯಿತು ಎಂದರು. ಅಭ್ಯಾಸ ಬಲದಿಂದ ಅವರ ಕಾಲಿನ ಕಡೆ ನೋಡಿದೆ, ನೋಡಿದರೆ ನೀವು ಸೀಟಿನಲ್ಲಿ ಚಕ್ಕಲಮುಕ್ಕಲ ಕೂತದ್ದೇ ಕಣ್ಣಿಗೆ ಬಂತು. ನಗು ತಡೆಯಲಾಗಲಿಲ್ಲ. ನಗುತ್ತಾ ಇರುವಾಗ ಕೈ ಅದರಷ್ಟಕ್ಕೆ ಮೂಗು ತಗ್ಗಿಸಿತ್ತು. ಎಲ್ಲ ಸರಿಯಾಗಿ ಮಾಡಿದೆ. ಇಳಿದ ಮೇಲೆ ಯಾಕೆ ನಕ್ಕದ್ದು ಎಂದು ಕೇಳಿದರು, ಹೇಳಿದೆ. ನಿನ್ನ ತಂದೆಗೆ ನನ್ನ ನಮಸ್ಕಾರ ತಿಳಿಸು ಎಂದರು. ಇದು ಎಲ್ಲರ ಎದುರಿಗೆ ಹೇಳಿದ್ದು.

ಆ ವಾರ ಪೂರ್ತಿ ಅದನ್ನೇ ಮಾಡಿಸಿದರು. ನಿನ್ನೆ ರನ್‌ವೇಯ ಬದಿಯಲ್ಲಿ ನಿಲ್ಲಿಸಲು ಹೇಳಿ ಇಳಿದುಬಿಟ್ಟರು. ಇಳಿಯುವಾಗ ಖಾಲಿ ಸೀಟಿನ ಬೆಲ್ಟನ್ನು ಅವರೇ ಕಟ್ಟಿ, ಬಾಗಿಲು ಹಾಕಿ, ಹೋಗು ಎಂದು ಕೈಮಾಡಿದರು.

ಕ್ರಿಸ್ಮಸ್ಸಿಗೆ ಬರುತ್ತೇನೆ, ಹಿಂದಕ್ಕೆ ಹೋಗುವ ಟಿಕೆಟ್ ಸಮೇತ.

ನಿಮ್ಮ ರೆಶ್ಮಾ

•

ಹಾಸ್ಟೆಲ್
9 ಏಪ್ರಿಲ್ 2006

ಪಪ್ಪಾ,

ಈ ಕಾಗದವನ್ನು ಮಮ್ಮಿಗೆ ಜೋರಾಗಿ ಓದಿ ಹೇಳಿ. ಫೋನಿನಲ್ಲಿ ನನಗೇನೂ ಆಗಿಲ್ಲ ಎಂದಷ್ಟೇ ಹೇಳಿದ್ದೆ. ಆದದ್ದು ಹೀಗೆ.

ನಾನು ಒಬ್ಬಳೇ ಇದ್ದೆ, ಊರಿನಿಂದ ಸ್ವಲ್ಪ ದೂರ. ಆಕಾಶ ಶುಭ್ರವಾಗಿತ್ತು. ಎಂಜಿನ್ ಒಮ್ಮೆ ಕೆಮ್ಮಿತು, ಪುನಃ ಕೆಮ್ಮಿತು, ನಿಂತಿತು. ಪಾಠದಲ್ಲಿ ಗುರುಗುಟ್ಟುತ್ತಾ ಇರುತ್ತಿತ್ತಲ್ಲ, ಇದು ಹಾಗಲ್ಲ. ಪ್ರೊಪೆಲ್ಲರ್ ನನ್ನ ಕಣ್ಣೆದುರಿಗೆ ಕರೆಂಟ್ ಹೋದ ಮನೆಯ ಫ್ಯಾನಿನ ಹಾಗೆ ನಿಂತಿತ್ತು. ಗಾಳಿಯ ಶಬ್ದ ಮಾತ್ರ ಕೇಳುತ್ತಿತ್ತು.

ಮೊದಲು ಬಲಕ್ಕೇ ನೋಡಿದೆ ಪಪ್ಪಾ, ಸುಳ್ಳು ಹೇಳುವುದಿಲ್ಲ. ಖಾಲಿ ಸೀಟು, ಕಟ್ಟಿಟ್ಟ ಬೆಲ್ಟು, ಕೆಳಗೆ ಯಾರ ಕಾಲೂ ಇಲ್ಲದ ಪೆಡಲು. ಆಗ ನನ್ನ ಬಾಯಿಂದ ಒಂದು ಮಾತು ಬಂತು, ಜೋರಾಗಿಯೇ ಬಂತು. "ಹೆದರಬೇಡ, ನಾನಿದ್ದೇನಲ್ಲ" ಎಂದೆ. ನಿಮ್ಮ ಮಾತು, ಹೇಳಿದ್ದು ನಾನು, ಕೇಳಿಸಿಕೊಂಡದ್ದೂ ನಾನೇ.

ಮೂಗು ತಗ್ಗಿಸಿದೆ. ಎಡಗಡೆ ಹತ್ತಿರದಲ್ಲೇ ಒಂದು ಕಪ್ಪು ಬಯಲಿತ್ತು, ನೀರು ಬಿಟ್ಟ ಹೊಲ, ಕನ್ನಡಿಯಂತೆ ಚಪ್ಪಟೆ. ಚಪ್ಪಲಿ ನೆನಪಾಯಿತು. ಅದನ್ನು ಬಿಟ್ಟು ಆಚೆಯ ಗೋಧಿ ಕೊಯ್ದ ಹೊಲ ಹಿಡಿದೆ. ಪೆಟ್ರೋಲು, ಸ್ವಿಚ್ಚು ಎಲ್ಲ ನೋಡಿದೆ, ಎಂಜಿನ್ ಏಳಲಿಲ್ಲ. ರೇಡಿಯೋದಲ್ಲಿ ಹೇಳಿದೆ. ಕೊನೆಗೆ ಹೊಲ ದೂರವಾಯಿತು ಎಂದು ಕಂಡಿತು, ಮೂಗು ಎತ್ತಿದರೆ ತಲುಪುತ್ತೇನೆ ಎಂದು ಕೈ ಹೇಳಿತು. ಎತ್ತಲಿಲ್ಲ. ಎತ್ತದೆ ಇದ್ದದ್ದಕ್ಕೇ ತಲುಪಿದೆ. ನೆಲ ಮುಟ್ಟಿ ಕುಪ್ಪಳಿಸುತ್ತಾ ಹೋಗಿ, ಕೊನೆಯಲ್ಲಿ ಒಂದು ಬದುವಿಗೆ ತಾಗಿ ಮುಂದಿನ ಚಕ್ರ ಸೊಟ್ಟಗಾಯಿತು. ನನಗೆ ತುಟಿ ಕಚ್ಚಿಕೊಂಡದ್ದು ಬಿಟ್ಟರೆ ಏನೂ ಇಲ್ಲ.

ಹೊಲದವರು ಓಡಿಬಂದರು. ಒಬ್ಬರು ಅಜ್ಜಿ ಒಳಗೆ ಇಣುಕಿ, ಖಾಲಿ ಸೀಟನ್ನೂ ಅದರ ಅಡಿಯನ್ನೂ ನೋಡಿ, ಡ್ರೈವರ್ ಎಲ್ಲಿ ಎಂದು ಕೇಳಿದರು. ನಾನೇ ಎಂದೆ. ನಂಬಲಿಲ್ಲ, ಮಜ್ಜಿಗೆ ಕೊಟ್ಟರು. ಮಜ್ಜಿಗೆ ಕುಡಿದು ಅಲ್ಲೇ ಕುಳಿತು ಚೆನ್ನಾಗಿ ಅತ್ತೆ.

ಎಂಜಿನ್ ಯಾಕೆ ನಿಂತಿತು ಎಂದು ಇನ್ನೂ ನೋಡುತ್ತಿದ್ದಾರೆ. ನಾಳೆ ಇನ್ನೊಂದು ವಿಮಾನದಲ್ಲಿ ಪುನಃ ಹೋಗುತ್ತೇನೆ. ಹೋಗಬಹುದಾ ಎಂದು ನಿಮ್ಮನ್ನು ಕೇಳುತ್ತಿಲ್ಲ, ಹೇಳುತ್ತಿದ್ದೇನೆ.

ನಿಮ್ಮ ರೆಶ್ಮಾ

•

ಬೇಳ
20 ಏಪ್ರಿಲ್ 2006

ಪ್ರೀತಿಯ ರೆಶ್ಮಾ,

ಪಾಸ್ಖ ಹಬ್ಬದ ಮರುದಿನ ನಿನ್ನ ಕಾಗದ ಬಂತು. ನೀನು ಹೇಳಿದ ಹಾಗೆ ಊಟದ ಮೇಜಿನ ಹತ್ತಿರ ಮಮ್ಮಿಯನ್ನು ಎದುರಿಗೆ ಕೂರಿಸಿ ಜೋರಾಗಿ ಓದಿದೆ. ಅವಳು ಸೆರಗನ್ನು ಬಾಯಿಗೆ ಒತ್ತಿಕೊಂಡು ಕೇಳಿದಳು. ನಡುವೆ ಎರಡು ಸಲ ನಿಲ್ಲಿಸಿ, ನೀರು ಕುಡಿದು ಮುಂದೆ ಓದಿದೆ. ನಿನ್ನ ವಿಮಾನ ನಿಂತಿತು, ಅಜ್ಜಿ ಮಜ್ಜಿಗೆ ಕೊಟ್ಟರು, ಕಾಗದ ಮುಗಿಯಿತು. ನಾನು ಮಡಚಿ ಜೇಬಿಗೆ ಹಾಕಿದೆ.

ಮಮ್ಮಿ ಮೇಜಿನ ಅಡಿಗೆ ನೋಡುತ್ತಿದ್ದಳು. "ಇನ್ನಾದರೂ ಕಾಲು ತೆಗೆಯಿರಿ. ಅವಳು ಇಳಿದಾಯಿತು" ಎಂದಳು.

ನಾನೂ ಬಗ್ಗಿ ನೋಡಿದೆ. ನನ್ನ ಬಲಗಾಲು ಸಿಮೆಂಟಿನ ನೆಲವನ್ನು ಒತ್ತಿ ಹಿಡಿದಿತ್ತು. ಪ್ರೊಪೆಲ್ಲರ್ ನಿಂತಲ್ಲಿಂದ ಒತ್ತಿದ್ದಿರಬೇಕು, ಬೆರಳುಗಳು ಬೆಳ್ಳಗಾಗಿದ್ದವು. ಕೈಯಿಂದ ಹಿಡಿದು ಎತ್ತಬೇಕಾಯಿತು.

ಈ ಕಾಲಿಗೆ ಇನ್ನು ಬುದ್ಧಿ ಹೇಳಿ ಪ್ರಯೋಜನವಿಲ್ಲ ಮಗಳೇ. ಇಲ್ಲಿ ಒತ್ತಿದ್ದು ಅಲ್ಲಿಗೆ ತಾಗುವುದಿಲ್ಲವಲ್ಲ, ಒತ್ತಿಕೊಂಡಿರಲಿ. ನೀನು ಹೋಗು.

ನಿನ್ನ ಪಪ್ಪ